ಅಟ್ಟದ ಮೇಲಿನ ರೇಡಿಯೋ: ಎಬ್ಬಿಸೋಣ, ಆದರೆ ಅವಸರ ಬೇಡ

ಹಬ್ಬಕ್ಕೆ ಅಂತ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಜವಳಗೇರಾಕ್ಕೆ ಬರುವವರಿಗೆ ಮನೆಯಲ್ಲಿ ಕಾಯುವ ಕೆಲಸಗಳಲ್ಲಿ ಅಟ್ಟ ಸ್ವಚ್ಛ ಮಾಡುವುದೂ ಒಂದು. ಹಿತ್ತಾಳೆ ಕೊಡ, ಕಾಲು ಮುರಿದ ತೊಟ್ಟಿಲು, ಹಳೆ ಲೆಕ್ಕದ ಪುಸ್ತಕಗಳ ನಡುವೆ ಕೆಲವರ ಮನೆಯಲ್ಲಿ ಒಂದು ಭಾರವಾದ ಪೆಟ್ಟಿಗೆ ಸಿಗುತ್ತದೆ. ಮುಂದೆ ಬಟ್ಟೆಯ ಜಾಲರಿ, ಊರುಗಳ ಹೆಸರು ಬರೆದ ಗಾಜಿನ ಪಟ್ಟಿ, ಮೂರು-ನಾಲ್ಕು ತಿರುಗಣಿ. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ, ಹೆಸರು ಯಾವುದೇ ಇರಲಿ, ಅದು ಟ್ರಾನ್ಸಿಸ್ಟರ್ ಬರುವ ಮುಂಚಿನ ವಾಲ್ವ್ ರೇಡಿಯೋ.

ಕೈಗೆ ಸಿಕ್ಕ ಕೂಡಲೇ ಎಲ್ಲರಿಗೂ ಬರುವ ಆಸೆ ಒಂದೇ: "ಪ್ಲಗ್ ಹಾಕಿ ನೋಡೋಣ, ಹಾಡುತ್ತಾ?" ದಯವಿಟ್ಟು ಹಾಕಬೇಡಿ. ನಲವತ್ತು ವರ್ಷ ಮಲಗಿದ್ದ ರೇಡಿಯೋವನ್ನು ಒಂದೇ ಏಟಿಗೆ ಎಬ್ಬಿಸಿದರೆ, ಕೆಲವೇ ರೂಪಾಯಿಯ ಒಂದು ಭಾಗಕ್ಕಾಗಿ, ಎಲ್ಲಿ ಹುಡುಕಿದರೂ ಸಿಗದ ಇನ್ನೊಂದು ಭಾಗ ಸುಟ್ಟು ಹೋಗಬಹುದು. ನಿಧಾನಕ್ಕೆ ಎಬ್ಬಿಸಿದರೆ ಮಾತಾಡುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಈ ಪೆಟ್ಟಿಗೆ ಏನೇನು ಕೇಳಿಸಿತ್ತು?

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಆ ಮೈಸೂರು ಕೇಂದ್ರದ್ದು. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಆದರೆ ನಮ್ಮ ಸಿಂಧನೂರು ಭಾಗ ಆಗ ಮೈಸೂರಿಗೆ ಸೇರಿರಲಿಲ್ಲ. ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ 'ಡೆಕ್ಕನ್ ರೇಡಿಯೋ' 1950ರಲ್ಲಿ ಆಕಾಶವಾಣಿಯೊಳಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಕನ್ನಡ ನಾಡಿಗೆ ಬಂತು. 1966ರಲ್ಲಿ ಕಲಬುರಗಿಯಲ್ಲೂ ಕೇಂದ್ರ ಬಂತು.

ಇತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ತಾಲ್ಲೂಕಿನ ಚಿತ್ರವೇ ಬದಲಾಯಿತು. ಜೋಳ, ಹತ್ತಿಯ ನೆಲದಲ್ಲಿ ಭತ್ತ ಬಂತು. ಆಂಧ್ರದ ರೈತರ ಕ್ಯಾಂಪ್‌ಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಕುಟುಂಬಗಳಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪ್ ಆಯಿತು. ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಬೀಜೋತ್ಪಾದನಾ ಫಾರ್ಮ್ ಬಂತು. ಒಂದೇ ಮುಳ್ಳನ್ನು ಅತ್ತಿತ್ತ ಸರಿಸಿದರೆ ಕನ್ನಡ, ತೆಲುಗು, ಹಿಂದಿ, ರಾತ್ರಿಯಾದರೆ ಇನ್ನೂ ದೂರದ ದನಿಗಳು. ಕೃಷಿ ಕಾರ್ಯಕ್ರಮ, ಪ್ರದೇಶ ಸಮಾಚಾರ, ಬುಧವಾರ ರಾತ್ರಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ. ಇದನ್ನೆಲ್ಲ ಕೇಳೋಕೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಬೇರೆ ಮಾಡಿಸಬೇಕಿತ್ತು. ಆ ಪದ್ಧತಿ ಹೋಗಿದ್ದು 1980ರ ದಶಕದಲ್ಲಿ.

ಮೊದಲು ಅಕ್ಷರ ಓದಿ

ಹಿಂದಿನ ರಟ್ಟನ್ನು ಬಿಚ್ಚಿ. ಇಲಿಗೂಡು, ಜಿರಳೆ ಮೊಟ್ಟೆ, ಹಲ್ಲಿಯ ಅಸ್ಥಿಪಂಜರ, ಏನು ಬೇಕಾದರೂ ಇರಬಹುದು. ಮೂಗಿಗೆ ಮಾಸ್ಕ್ ಇರಲಿ. ಮೆತ್ತನೆಯ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಏನನ್ನೂ ಕೀಳುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಯಾವ ವೈರ್ ಎಲ್ಲಿತ್ತು ಅಂತ ನಾಳೆ ಹೇಳುವುದು ಆ ಫೋಟೋ ಒಂದೇ.

ಈಗ ಗಾಜಿನ ವಾಲ್ವ್‌ಗಳ ಮೇಲೆ ಬರೆದದ್ದನ್ನು ಓದಿ. ಗಾಜು ಒರೆಸಬೇಡಿ, ಅಕ್ಷರ ಅಳಿಸಿಹೋಗುತ್ತದೆ. ಯುರೋಪಿನ ಪದ್ಧತಿಯ ಹೆಸರಿದ್ದರೆ ಮೊದಲ ಅಕ್ಷರವೇ ಎಲ್ಲ ಹೇಳುತ್ತದೆ.

'ಇ' ಇಂದ ಶುರುವಾದರೆ, ಅಂದರೆ ಇಸಿಎಚ್ 81, ಇಎಲ್ 84 ಥರ, ವಾಲ್ವ್‌ನ ಹೀಟರ್ 6.3 ವೋಲ್ಟ್‌ನದ್ದು. ಇಂಥ ಸೆಟ್‌ನೊಳಗೆ ಸಾಮಾನ್ಯವಾಗಿ ಭಾರದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹೊಸಬರು ಕಲಿಯಲು ಇದೇ ಒಳ್ಳೆಯದು.

'ಯು' ಇಂದ ಶುರುವಾದರೆ, ಯುಸಿಎಚ್ 81, ಯುಸಿಎಲ್ 82, ಯುವೈ 85 ಥರ, ಎಚ್ಚರ. ಇದು ಎಸಿ-ಡಿಸಿ ಎರಡಕ್ಕೂ ಮಾಡಿದ ಸೆಟ್. ಹೀಟರ್‌ಗಳು ದೀಪಾವಳಿ ಸರದ ಹಾಗೆ ಒಂದರ ಹಿಂದೆ ಒಂದು ಕೂತಿರುತ್ತವೆ. ಇಂಥ ಸೆಟ್‌ನಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಕಬ್ಬಿಣದ ಚಾಸಿ ನೇರವಾಗಿ ಮನೆಯ ಕರೆಂಟಿಗೇ ಸೇರಿರುತ್ತದೆ. ಪ್ಲಗ್ ಉಲ್ಟಾ ಹಾಕಿದರೆ ಚಾಸಿಗೆ 230 ವೋಲ್ಟ್. ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇದನ್ನು ಮುಟ್ಟಬೇಡಿ, ಅನುಭವಸ್ಥ ಮೆಕ್ಯಾನಿಕ್‌ಗೆ ಬಿಡಿ.

'ಡಿ' ಇಂದ ಶುರುವಾದರೆ, ಡಿಕೆ 96, ಡಿಎಎಫ್ 96 ಥರ, ಅದು ಬ್ಯಾಟರಿ ಸೆಟ್. ಕರೆಂಟ್ ಇಲ್ಲದ ಹಳ್ಳಿಗಳಿಗಾಗಿಯೇ ಮಾಡಿದ್ದು. ಫಿಲಮೆಂಟ್‌ಗೆ 1.4 ವೋಲ್ಟ್, ಒಳಗಿನ ಕೆಲಸಕ್ಕೆ ಸುಮಾರು 90 ವೋಲ್ಟ್. ಆ ದೊಡ್ಡ ಬ್ಯಾಟರಿ ಈಗ ಸಿಗಲ್ಲ. ಆದರೆ ಅಂಗಡಿಯ 9 ವೋಲ್ಟ್ ಬ್ಯಾಟರಿ ಹತ್ತು ಜೋಡಿಸಿದರೆ 90 ಆಯಿತಲ್ಲ! ಎರಡು ತಂತಿ ಅದಲು ಬದಲಾದರೆ ಮಾತ್ರ ಎಲ್ಲ ಫಿಲಮೆಂಟ್ ಒಂದೇ ಕ್ಷಣದಲ್ಲಿ ಹೋಗುತ್ತವೆ. 90 ವೋಲ್ಟ್ ಕೂಡ ಶಾಕ್ ಹೊಡೆಯುತ್ತದೆ, ನೆನಪಿರಲಿ.

ಸೋರುವ ಕೆಪಾಸಿಟರ್, ಸುಡುವ ಟ್ರಾನ್ಸ್‌ಫಾರ್ಮರ್

ವಾಲ್ವ್ ಹೋಗಿರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ವಾಲ್ವ್ ಗಟ್ಟಿಯಾಗಿಯೇ ಇರುತ್ತದೆ, ಹೋಗಿರುವುದು ಕೆಪಾಸಿಟರ್. ಹಳೆಯ ಕೆಪಾಸಿಟರ್‌ಗಳು ಕಾಗದ ಮತ್ತು ಲೋಹದ ಹಾಳೆ ಸುತ್ತಿ ಮೇಣ ಹಚ್ಚಿದವು. ನಮ್ಮ ರಾಯಚೂರು ಬಿಸಿಲಿಗೆ ಮೇಣ ಕರಗಿ, ತೇವ ಒಳಗೆ ಹೋಗಿ, ತಡೆಯಬೇಕಾದ ಕರೆಂಟನ್ನು ಸೋರಿಸತೊಡಗುತ್ತವೆ.

ಅದರಲ್ಲಿ ಒಂದಂತೂ ಬಹಳ ಅಪಾಯದ್ದು: ಸ್ಪೀಕರ್ ಓಡಿಸುವ ಕೊನೆಯ ವಾಲ್ವ್‌ನ ಗ್ರಿಡ್‌ಗೆ ಸೇರಿದ ಕಪ್ಲಿಂಗ್ ಕೆಪಾಸಿಟರ್. ಅದು ಸೋರಿದರೆ ವಾಲ್ವ್ ಅಂಕೆ ತಪ್ಪಿ ಕರೆಂಟ್ ಎಳೆಯುತ್ತದೆ, ಒಳಗಿನ ತಗಡು ಕೆಂಪಗೆ ಕಾಯುತ್ತದೆ, ಮೊದಲು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಆಮೇಲೆ ಪವರ್ ಟ್ರಾನ್ಸ್‌ಫಾರ್ಮರ್ ಬಲಿ. ಪ್ಲಗ್ ಹಾಕಬೇಡಿ ಅಂದದ್ದು ಇದಕ್ಕೇ. ಮೇಣದ ಕೆಪಾಸಿಟರ್‌ಗಳನ್ನೆಲ್ಲ ಅದೇ ಅಳತೆಯ 630 ವೋಲ್ಟ್ ಪಾಲಿಯೆಸ್ಟರ್‌ನಿಂದ ಬದಲಿಸಿ. ಒಂದು ತೆಗೆದು ಒಂದು ಹಾಕಿ, ಎಲ್ಲ ಒಟ್ಟಿಗೆ ಕಿತ್ತರೆ ಗೊಂದಲ.

ಅಲ್ಯೂಮಿನಿಯಂ ಡಬ್ಬಿಯಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೇ ಒಣಗಿರುತ್ತದೆ. ಹೊಸದು ಹಳೆಯದರ ಅಳತೆಗೆ ಹತ್ತಿರವಿರಲಿ, 450 ವೋಲ್ಟ್‌ಗಿಂತ ಕಡಿಮೆಯದು ಬೇಡ. ದೊಡ್ಡದಿದ್ದರೆ ಒಳ್ಳೆಯದಲ್ವಾ ಅಂತ ನೂರು ಮೈಕ್ರೋಫ್ಯಾರಡ್ ಹಾಕಿದರೆ ರೆಕ್ಟಿಫೈಯರ್ ವಾಲ್ವ್ ತಡೆಯುವುದಿಲ್ಲ. ಪ್ಲಸ್-ಮೈನಸ್ ತಪ್ಪಿದರೆ ಸಿಡಿಯುತ್ತದೆ. ಹಳೆ ಡಬ್ಬಿಯ ವೈರ್ ಬಿಡಿಸಿ ಅದನ್ನು ಅಲ್ಲೇ ಬಿಡಿ, ನೋಟ ಕೆಡುವುದಿಲ್ಲ.

ಮುಟ್ಟಬಾರದ್ದೂ ಇದೆ. ಚೌಕಾಕಾರದ ಅಲ್ಯೂಮಿನಿಯಂ ಡಬ್ಬಿಗಳ ತುದಿಯಲ್ಲಿ ಸಣ್ಣ ಸ್ಕ್ರೂ ಕಾಣುತ್ತವೆ. ಸಡಿಲ ಆಗಿವೆ ಅಂತ ಬಿಗಿ ಮಾಡಬೇಡಿ. ಅವು ಸ್ಕ್ರೂ ಅಲ್ಲ, ಕಾರ್ಖಾನೆಯಲ್ಲಿ ಶ್ರುತಿ ಮಾಡಿದ ಬಿರಟೆ. ತಿರುಗಿಸಿದರೆ ಯಂತ್ರವಿಲ್ಲದೆ ಮತ್ತೆ ಶ್ರುತಿ ಕೂರಿಸುವುದು ಕಷ್ಟ.

ಬಲ್ಬ್ ಒಂದು ಕಾವಲುಗಾರ

ಕೆಪಾಸಿಟರ್ ಬದಲಾಯಿತು, ಬಿರುಕು ಬಿಟ್ಟ ಹಳೆ ವೈರ್ ತೆಗೆದು ಹೊಸದು ಹಾಕಿದ್ದಾಯಿತು, ಫ್ಯೂಸ್ ಕೂರಿಸಿದ್ದಾಯಿತು. ಈಗಲೂ ನೇರವಾಗಿ ಪ್ಲಗ್ ಹಾಕಬೇಡಿ. 60 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ರೇಡಿಯೋ ಜೊತೆ ಸೀರೀಸ್‌ನಲ್ಲಿ ಜೋಡಿಸಿ. ಎಲ್‌ಇಡಿ ನಡೆಯುವುದಿಲ್ಲ. ಊರಿನ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇಂಥ ಬೋರ್ಡ್ ಇರುವುದುಂಟು, ಕೇಳಿ ನೋಡಿ.

ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಬೆಳಗಿ ಮಂದವಾದರೆ ಸರಿ. ಪೂರ್ತಿ ಬೆಳಕಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಅಪಾಯವಾದಾಗ ಕರೆಂಟನ್ನು ಬಲ್ಬ್ ತಾನು ನುಂಗಿಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಒಳಗೆ 250ರಿಂದ 300 ವೋಲ್ಟ್ ಡಿಸಿ ಓಡುತ್ತಿರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಒಬ್ಬರೇ ಇರುವಾಗ ಈ ಕೆಲಸ ಬೇಡ. ಕಾಲಿಗೆ ಚಪ್ಪಲಿ ಇರಲಿ, ಅಳೆಯುವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಎರಡೂ ಕೈ ತಾಗಿದರೆ ಕರೆಂಟ್ ಎದೆಯ ಮೂಲಕ ಹಾದುಹೋಗುತ್ತದೆ.

ಸಾಮಾನು ಎಲ್ಲಿ ಸಿಗುತ್ತೆ?

ಕೆಪಾಸಿಟರ್, ರೆಸಿಸ್ಟರ್‌ಗೆ ಬೆಂಗಳೂರಿನ ಎಸ್‌ಪಿ ರೋಡ್, ಹೈದರಾಬಾದ್‌ನ ಕೋಠಿಯ ಗುಜರಾತಿ ಗಲ್ಲಿ. ಆನ್‌ಲೈನ್‌ನಲ್ಲೂ ಸಿಗುತ್ತವೆ. ವಾಲ್ವ್‌ಗಳಿಗೆ ಹಳೆಯ ರೇಡಿಯೋ ಮೆಕ್ಯಾನಿಕ್‌ಗಳ ಡಬ್ಬಿಗಳೇ ಗಣಿ. ನಮ್ಮ ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು, ಆ ಹೆಸರಿನ ಬಳಸದ ವಾಲ್ವ್‌ಗಳು ಈಗಲೂ ಕೈಗೆ ಸಿಗುತ್ತವೆ. ಇಎಲ್ 84 ಥರದವು ಗಿಟಾರ್ ಆಂಪ್ಲಿಫೈಯರ್‌ಗಳಿಗಾಗಿ ಹೊರದೇಶದಲ್ಲಿ ಇವತ್ತಿಗೂ ತಯಾರಾಗುತ್ತಿವೆ.

ಹೊಸದು ಮಾಡಬೇಡಿ, ಉಳಿಸಿ

ಪೆಟ್ಟಿಗೆಯ ಮೇಲಿನದು ತೆಳ್ಳನೆಯ ಮರದ ಪದರ. ಸ್ಯಾಂಡ್‌ಪೇಪರ್ ತಿಕ್ಕಿದರೆ ಅದೇ ಹೋಗುತ್ತದೆ. ಗೆದ್ದಲಿದ್ದರೆ ಔಷಧಿ, ಇಲ್ಲದಿದ್ದರೆ ಮೇಣದ ಪಾಲಿಶ್, ಅಷ್ಟು ಸಾಕು. ಬೇಕಲೈಟ್ ಆದರೆ ಕಾರಿನ ಪಾಲಿಶ್. ಗಾಜಿನ ಪಟ್ಟಿಯ ಹಿಂಬದಿಗೆ ಮಾತ್ರ ನೀರು, ಸೀಮೆಎಣ್ಣೆ ಯಾವುದೂ ಬೇಡ. ಊರುಗಳ ಹೆಸರು ಅಲ್ಲೇ ಬರೆದಿರುವುದು, ಒಮ್ಮೆ ಒರೆಸಿದರೆ ಇಡೀ ಪ್ರಪಂಚವೇ ಅಳಿಸಿಹೋಗುತ್ತದೆ. ವಾಲ್ಯೂಮ್ ತಿರುಗಿಸಿದಾಗ ಗರಗರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ, ತೆಂಗಿನೆಣ್ಣೆ ಬಿಡಬೇಡಿ.

ಒಳಗಿನದ್ದೆಲ್ಲ ಕಿತ್ತು ಬ್ಲೂಟೂತ್ ಸ್ಪೀಕರ್ ಕೂರಿಸುವವರೂ ಇದ್ದಾರೆ. ಅದಕ್ಕೆ ಮುಂಚೆ ಹಿಂಬದಿಯಲ್ಲಿ ಗ್ರಾಮೋಫೋನ್‌ಗೆ ಅಂತ ಎರಡು ತೂತಿನ ಸಾಕೆಟ್ ಇದೆಯಾ ನೋಡಿ. 'ಇ' ಸರಣಿಯ ಟ್ರಾನ್ಸ್‌ಫಾರ್ಮರ್ ಸೆಟ್ ಆಗಿದ್ದರೆ ಮೊಬೈಲ್‌ನ ಎಡ-ಬಲ ಚಾನೆಲ್‌ಗಳಿಗೆ ಒಂದೊಂದು ಸಾವಿರ ಓಮ್ ರೆಸಿಸ್ಟರ್ ಹಾಕಿ, ಒಂದುಗೂಡಿಸಿ ಅಲ್ಲಿಗೇ ಕೊಡಬಹುದು. ನಿಮ್ಮ ಪ್ಲೇಲಿಸ್ಟ್ ವಾಲ್ವ್ ದನಿಯಲ್ಲೇ ಬರುತ್ತದೆ, ಒಂದು ಸ್ಕ್ರೂ ಕೂಡ ಕೆಡುವುದಿಲ್ಲ. 'ಯು' ಸರಣಿಯಲ್ಲಿ ಮಾತ್ರ ಇದನ್ನು ಮಾಡಲೇಬೇಡಿ, ಮನೆಯ ಕರೆಂಟ್ ನಿಮ್ಮ ಫೋನಿಗೇ ಬರುತ್ತದೆ.

ಕೇಳೋಕೆ ಏನಿದೆ ಈಗ?

ಎಫ್‌ಎಂ ಈ ಪೆಟ್ಟಿಗೆಗೆ ಗೊತ್ತಿಲ್ಲ. ಇದರದ್ದು ಮೀಡಿಯಂ ವೇವ್, ಶಾರ್ಟ್‌ವೇವ್. ಹಳೆಯ ಗಾಜಿನ ಮೇಲೆ ಅಳತೆ ಮೀಟರ್‌ನಲ್ಲಿರುತ್ತದೆ. 3 ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿ. ಧಾರವಾಡದ 765 ಅಂದರೆ 392 ಮೀಟರ್, ಬೆಂಗಳೂರಿನ 612 ಅಂದರೆ 490, ಹೈದರಾಬಾದಿನ 738 ಅಂದರೆ 406, ಕಲಬುರಗಿಯ 1107 ಅಂದರೆ 271. ಮಾಳಿಗೆ ಮೇಲೆ ಹತ್ತು ಮೀಟರ್ ತಾಮ್ರದ ತಂತಿ ಎಳೆದು ಏರಿಯಲ್ ಸಾಕೆಟ್‌ಗೆ ಕೊಡಿ, ಮಳೆ-ಸಿಡಿಲಿನ ದಿನ ಅದನ್ನು ಬಿಚ್ಚಿಡಿ. ಗುಂಯ್ ಅನ್ನುತ್ತಿದ್ದರೆ ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಆರಿಸಿ ನೋಡಿ. ಕತ್ತಲಾದ ಮೇಲೆ ದೂರದ ಸ್ಟೇಷನ್‌ಗಳೂ ಬರುತ್ತವೆ, ಏಕೆಂದರೆ ಹಗಲಲ್ಲಿ ಈ ಅಲೆಗಳನ್ನು ಹೀರುವ ಆಕಾಶದ ಕೆಳಪದರ ರಾತ್ರಿ ಇರುವುದಿಲ್ಲ.

ಆದರೆ ಒಂದು ಮಾತು. ಶಾರ್ಟ್‌ವೇವ್ ಪ್ರಸಾರ ಈಗ ಬಹಳ ಕಡಿಮೆಯಾಗಿದೆ. ಆಕಾಶವಾಣಿಯ ಹಲವು ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮೀಟರ್‌ಗಳೂ ನಿಂತಿವೆ. ರೇಡಿಯೋ ಹೇಗೂ ಕಾಯುತ್ತದೆ, ಅಟ್ಟದಲ್ಲಿ ಇನ್ನೂ ಹತ್ತು ವರ್ಷ ಇದ್ದೀತು. ಅದಕ್ಕೆ ಬರುವ ದನಿ ಅಷ್ಟು ದಿನ ಇರುತ್ತದೆ ಅನ್ನುವಂತಿಲ್ಲ.

ಆ ದನಿಯನ್ನು ಕೇಳಿದವರೂ ಅಷ್ಟೇ. ನೀವು ರಟ್ಟು ಬಿಚ್ಚುತ್ತಾ ಕೂತಾಗ "ಅದನ್ಯಾಕ ಬಿಚ್ಚಾಕತ್ತೀಯಪಾ, ಅದು ಹೋಗಿ ಎಷ್ಟೋ ವರ್ಷ ಆತು" ಅಂತ ಪಡಸಾಲೆಯಿಂದ ಅಜ್ಜ ಅಂದರೆ, ಸ್ಕ್ರೂಡ್ರೈವರ್ ಕೆಳಗಿಟ್ಟು ಅವರನ್ನು ಕರೆದು ಹತ್ತಿರ ಕೂರಿಸಿಕೊಳ್ಳಿ. ಯಾವ ಅಂಗಡಿಯಲ್ಲಿ ತಂದದ್ದು, ಯಾವ ಸುಗ್ಗಿಯ ದುಡ್ಡು, ಸಂಜೆಗೆ ಯಾರ್‍ಯಾರು ಕೇಳೋಕೆ ಬರುತ್ತಿದ್ದರು, ಮುಳ್ಳು ಎಲ್ಲಿಟ್ಟರೆ ಯಾವ ಸ್ಟೇಷನ್, ಎಲ್ಲ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೆಪಾಸಿಟರ್ ಮುಂದಿನ ರಜೆಗೂ ಹಾಕಬಹುದು, ಈ ಕೆಲಸ ಮಾತ್ರ ಈ ಸಲವೇ ಮುಗಿಸಿ.