ನೀರೂ ದೇಹದ ಭಾರವೂ

ಸ್ಥೂಲಕಾಯದ ಚಿಂತೆ ಇತ್ತೀಚೆಗೆ ಬಹು ಮನೆಗಳನ್ನು ಹೊಕ್ಕಿರುವುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಅದಕ್ಕೆ ಹೇಳುವ ನೂರು ಉಪಾಯಗಳಲ್ಲಿ ಯಥೇಚ್ಛವಾಗಿ ನೀರು ಕುಡಿಯಬೇಕೆಂಬುದೂ ಒಂದು. ಕಾಸಿನ ಖರ್ಚಿಲ್ಲದ ಈ ಉಪಾಯವನ್ನು ಚಿತ್ರದುರ್ಗದ ಸೀಮೆಯವರು ಮಾತ್ರ ಕೊಂಚ ವಿಚಾರಮಾಡಿ ಕೈಕೊಳ್ಳುವುದು ಲೇಸು.

ನೀರಿಗೆ ಕೊಬ್ಬನ್ನು ಕರಗಿಸುವ ಶಕ್ತಿಯಿಲ್ಲ. ಬಿಸಿನೀರಿಗೂ ಇಲ್ಲ, ನಿಂಬೆಯ ರಸ ಹಿಂಡಿದ ಮಾತ್ರಕ್ಕೆ ಆ ಶಕ್ತಿ ಬರುವುದೂ ಇಲ್ಲ. ಅದರ ಉಪಕಾರವು ಬೇರೆ ತೆರನಾದುದು. ಊಟಕ್ಕೆ ಮುಂಚೆ ನೀರು ಕುಡಿದರೆ ಹೊಟ್ಟೆ ಬೇಗ ತುಂಬಿದಂತಾಗಿ ತುತ್ತು ಕಡಮೆಯಾಗುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಪಂಡಿತರು 84 ಮಂದಿ ಸ್ಥೂಲಕಾಯರನ್ನು ಪರೀಕ್ಷಿಸಿ 2015ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಊಟಕ್ಕೆ ಅರ್ಧ ಗಂಟೆ ಮೊದಲು ಅರ್ಧ ಲೀಟರು ನೀರು ಕುಡಿದವರು, ಹೊಟ್ಟೆ ತುಂಬಿದೆಯೆಂದು ಬರಿದೆ ಭಾವಿಸಿಕೊಂಡವರಿಗಿಂತ, 12 ವಾರಗಳಲ್ಲಿ ಸುಮಾರು 1.3 ಕಿಲೋಗ್ರಾಂ ಹೆಚ್ಚಾಗಿ ಇಳಿದಿದ್ದರು. ಲಾಭವೇನೋ ಉಂಟು; ಆದರೆ ಅಲ್ಪ.

ಚಹಾದ ಲೋಟವನ್ನು ಕಡಮೆಮಾಡುವುದರಲ್ಲಿಯೂ ಲಾಭವಿದೆ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 40 ಕ್ಯಾಲೊರಿ. ದಿನಕ್ಕೆ ಐದು ಲೋಟವಾದರೆ ಸಕ್ಕರೆಯೊಂದರಿಂದಲೇ 200ರ ಹತ್ತಿರ. ಇವುಗಳಲ್ಲಿ ಮೂರರ ಬದಲು ನೀರನ್ನೋ ತಿಳಿಯಾದ ಮಜ್ಜಿಗೆಯನ್ನೋ ಕುಡಿಯಬಹುದು. ಬಂದ ನೆಂಟರಿಗೆ ಚಹಾ ಕೊಡದಿರುವುದೆಂತು ಎಂದು ಗೃಹಿಣಿಯರು ಸಂಕೋಚಪಟ್ಟಾರು. ಮುದ್ದೆಯುಣ್ಣುವ ನಾಡಿನಲ್ಲಿ ಮಜ್ಜಿಗೆ ಕೊಟ್ಟರೆ ಮರ್ಯಾದೆಗೆ ಕುಂದೇನೂ ಇಲ್ಲ.

ಇನ್ನು, ಕುಡಿಯುವುದು ಯಾವ ನೀರು? ಇದೇ ಮುಖ್ಯವಾದ ಪ್ರಶ್ನೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮಳೆಗೆ ಅಷ್ಟು ಬಡತನವಿರುವ ಜಿಲ್ಲೆಯಿದು. ಆದುದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತಿನ ಅನೇಕ ಹಳ್ಳಿಗಳು ಆಳದ ಕೊಳವೆಬಾವಿಗಳನ್ನು ನಂಬಬೇಕಾಯಿತು. ನೆಲದಡಿಯ ಬಂಡೆಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಕರಗಿರುತ್ತದೆ. ಅದು ಅತಿಯಾದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುವುವು. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗಲೂಬಹುದು. ಲೀಟರಿಗೆ 1.5 ಮಿಲಿಗ್ರಾಮನ್ನು ಅದು ಮೀರಬಾರದೆಂದು ನಿಯಮವಿದೆ. 2 ಮಿಲಿಗ್ರಾಂ ಇರುವ ಬಾವಿಯ ನೀರನ್ನು ದಿನಕ್ಕೆ ಎರಡು ಲೀಟರು ಕುಡಿಯುತ್ತಿದ್ದವರು ಮೈ ಇಳಿಸುವ ಆಸೆಯಿಂದ ನಾಲ್ಕು ಲೀಟರು ಕುಡಿದರೆ, ಒಡಲಿಗೆ ಸೇರುವ ಫ್ಲೋರೈಡ್ 4ರಿಂದ 8 ಮಿಲಿಗ್ರಾಮಿಗೆ ಏರುವುದು. ನೀರಿನ ರುಚಿಯಿಂದಾಗಲಿ ಬಣ್ಣದಿಂದಾಗಲಿ ಇದು ತಿಳಿಯದು. ಕುದಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡ್ ಹೋಗದು. ನೀರು ಬತ್ತಿದಷ್ಟೂ ಅದು ಗಟ್ಟಿಯಾಗುವುದು. ಚಹಾದ ಎಲೆಯಲ್ಲಿಯೂ ಫ್ಲೋರೈಡ್ ಇರುವುದರಿಂದ ಇಂತಹ ನೀರಿನಲ್ಲಿ ಕಾಸಿದ ಚಹಾ ಇನ್ನೂ ಕೆಟ್ಟದು.

ಆದಕಾರಣ ಕೊಳವೆಬಾವಿಯ ನೀರನ್ನು ಮೊದಲು ಪರೀಕ್ಷೆಗೆ ಕಳುಹಿಸಿ, ಫ್ಲೋರೈಡ್ ಹೆಚ್ಚಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯುವುದಕ್ಕೂ ಅಡಿಗೆಗೂ ನೀರು ತರತಕ್ಕದ್ದು. ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಬಾವಿಯ ನೀರೇ ಸಾಕು. ನೀರು ಒಳ್ಳೆಯದೆಂದು ಒಮ್ಮೆಗೇ ಕೊಡಗಟ್ಟಲೆ ಕುಡಿಯುವುದೂ ಅಪಾಯವೇ. ಮೂತ್ರಪಿಂಡದ ಅಥವಾ ಹೃದಯದ ರೋಗವುಳ್ಳವರು ದಿನಕ್ಕೆ ಎಷ್ಟು ಲೋಟವೆಂಬುದನ್ನು ತಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು.