ನಾಲ್ಕು ಬಾಗಿಲಿನ ಮಸೆರಾಟಿಯಲ್ಲಿ ದಿನಾ ಆಫೀಸಿಗೆ ಹೋದರೆ?

ಕಾರಿನ ಮಾತು ಬಂದ್ರೆ ಹಾಸ್ಟೆಲಿನಲ್ಲಿ ನಾವು ಮೊದಲು ಕೇಳೋದು "ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು?" ಅಂತ. ಎರಡನೇ ಪ್ರಶ್ನೆ "ಟಾಪ್ ಸ್ಪೀಡ್ ಎಷ್ಟು?" ಸೊನ್ನೆಯಿಂದ ಹತ್ತಕ್ಕೆ ಹೇಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಆದರೆ ಕಾರನ್ನು ದಿನಾ ಓಡಿಸುವವರಿಗೆ ಬೇಕಾಗಿರೋದು ಆ ಮೂರನೇ ಪ್ರಶ್ನೆಯ ಉತ್ತರವೇ. ಯಾಕೆ ಅಂತ ತಿಳಿಯೋಕೆ ನಾವು ಆರಿಸಿಕೊಂಡ ಉದಾಹರಣೆ ಇಟಲಿಯ ಮಸೆರಾಟಿ ಕ್ವಾಟ್ರೊಪೋರ್ಟೆ, ಅದರಲ್ಲೂ 2003ರಲ್ಲಿ ಫ್ರಾಂಕ್‌ಫರ್ಟ್ ಮೋಟರ್ ಶೋನಲ್ಲಿ ತೆರೆ ಸರಿಸಿದ ಐದನೇ ತಲೆಮಾರಿನದು.

ಹೆಸರು ಕೇಳೋಕೆ ರಾಜಗಾಂಭೀರ್ಯ. ಅರ್ಥ ಮಾತ್ರ "ನಾಲ್ಕು ಬಾಗಿಲು", ಅಷ್ಟೇ! ರೇಸ್ ಕಾರು ಮಾಡುತ್ತಿದ್ದ ಕಂಪನಿ 1963ರಲ್ಲಿ ನಾಲ್ಕು ಬಾಗಿಲಿನ ಕಾರು ಮಾಡಿದ್ದೇ ದೊಡ್ಡ ಸುದ್ದಿ, ಅದನ್ನೇ ಹೆಸರಾಗಿಟ್ಟರು. ಅದಕ್ಕೂ 4.1 ಲೀಟರಿನ ವಿ8 ಎಂಜಿನ್. ಇಟಲಿಯ ರಾಷ್ಟ್ರಪತಿ ಪೆರ್ತಿನಿ ಓಡಾಡಿದ್ದು ಮೂರನೇ ತಲೆಮಾರಿನದರಲ್ಲಿ. ನಮ್ಮ ಐದನೆಯದು ಬಂದಾಗ ಮಸೆರಾಟಿ ಕಂಪನಿ ಫೆರಾರಿಯ ಕೈಯಲ್ಲಿತ್ತು. ಹಾಗಾಗಿ ಮೇಲಿನ ರೂಪ ಪಿನಿನ್‌ಫರೀನಾ ಸಂಸ್ಥೆಯದು, ಒಳಗಿನ 4,244 ಸಿಸಿ ವಿ8 ಎಂಜಿನ್ ಮಾರನೆಲ್ಲೋದ ಫೆರಾರಿ ಕಾರ್ಖಾನೆಯದು. ಟರ್ಬೊ ಇಲ್ಲ. 7,000 ಆರ್‌ಪಿಎಂನಲ್ಲಿ 400 ಕುದುರೆಶಕ್ತಿ, 4,500ರಲ್ಲಿ 451 ನ್ಯೂಟನ್-ಮೀಟರ್ ಟಾರ್ಕ್. ಮೊದಲ ಎರಡು ಪ್ರಶ್ನೆಗೂ ಉತ್ತರ ಕೊಟ್ಟುಬಿಡೋಣ: 5.2 ಸೆಕೆಂಡು, ಗಂಟೆಗೆ 275 ಕಿ.ಮೀ. ಸಮಾಧಾನ ಆಯ್ತಲ್ಲ, ಮುಂದೆ ಹೋಗೋಣ.

ಈ ಕಾರಿನ ಗುಣ, ದೋಷ ಎರಡಕ್ಕೂ ಮೂಲ ಒಂದೇ: ಗೇರ್‌ಬಾಕ್ಸ್. ಅದನ್ನು ಎಂಜಿನ್ನಿನ ಬೆನ್ನಿಗೆ ಅಂಟಿಸದೆ ಹಿಂದಿನ ಆಕ್ಸಲ್ ಹತ್ತಿರ ಕೂರಿಸಿದರು. ಇದಕ್ಕೆ ಟ್ರಾನ್ಸ್‌ಆಕ್ಸಲ್ ಅಂತಾರೆ. ಮುಂದೆ ಭಾರದ ವಿ8 ಇದ್ದರೂ ತೂಕ ಮುಂದೆ 47, ಹಿಂದೆ 53 ಶೇಕಡಾ ಆಗಿ ಹಂಚಿಹೋಗಿ, ಐದು ಮೀಟರ್ ದಾಟಿದ ಉದ್ದದ ಕಾರು ತಿರುವಿನಲ್ಲಿ ಚಿಕ್ಕ ಕಾರಿನ ಹಾಗೆ ಬಾಗುತ್ತದೆ. ಇಲ್ಲಿಯವರೆಗೆ ಚೆನ್ನಾಗಿದೆ. ತೊಂದರೆ ಇರೋದು ಗೇರ್ ಬದಲಿಸುವ ರೀತಿಯಲ್ಲಿ. ಡುಯೊಸೆಲೆಕ್ಟ್ ಅಂತ ಅದಕ್ಕೆ ಹೆಸರು. ಒಳಗಿರೋದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸು, ಮಾಮೂಲಿ ಒಣ ಕ್ಲಚ್ಚು. ಆದರೆ ಕಾಲ ಕೆಳಗೆ ಕ್ಲಚ್ ಪೆಡಲ್ ಇಲ್ಲ. ಕ್ಲಚ್ ಒತ್ತುವ, ಗೇರ್ ಹಾಕುವ ಎರಡೂ ಕೆಲಸ ಕಂಪ್ಯೂಟರ್ ಹೇಳಿದಂತೆ ಹೈಡ್ರಾಲಿಕ್ ಒತ್ತಡದಿಂದ ನಡೆಯುತ್ತೆ. ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್, ಬಲಗಡೆಯದು ಎಳೆದರೆ ಮೇಲಿನ ಗೇರ್, ಎಡಗಡೆಯದು ಎಳೆದರೆ ಕೆಳಗಿನದು.

ಇದರ ವಂಶಾವಳಿ ಮಜವಾಗಿದೆ. 1989ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಫೆರಾರಿ 640 ಫಾರ್ಮುಲಾ ಒನ್ ಕಾರಿನಲ್ಲಿ ಪ್ಯಾಡಲ್ ಗೇರ್ ಮೊದಲು ರೇಸಿಗಿಳಿಯಿತು, ಬ್ರೆಜಿಲಿನ ಮೊದಲ ಓಟದಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದುಬಿಟ್ಟ. 1997ರಲ್ಲಿ ಅದು ರಸ್ತೆಯ ಫೆರಾರಿ 355ಕ್ಕೆ ಬಂತು, ಆಮೇಲೆ ಮಸೆರಾಟಿಗೆ. ಇದರ ಹಿಂದಿದ್ದ ಇಟಲಿಯ ಮಾನ್ಯೆತಿ ಮರೆಲ್ಲಿ ಕಂಪನಿಯ ಅದೇ ತತ್ವದ ಕಿಟ್ 2014ರಲ್ಲಿ ನಮ್ಮ ದೇಶದ ಮಾರುತಿ ಸೆಲೆರಿಯೊಗೂ ಬಂತು. ಹೌದು, ನಾವು ಎಎಂಟಿ ಅಂತ ಕರೆಯೋದು ಅದನ್ನೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತಲೆಯಾಡಿಸುತ್ತಾ ನಿಂತಿರುವ ಸೆಲೆರಿಯೊ ಆ ರೇಸ್ ಕಾರಿನ ದೂರದ ನೆಂಟ.

"ತಲೆಯಾಡಿಸುತ್ತಾ" ಅಂದಿದ್ದು ಸುಮ್ಮನೆ ಅಲ್ಲ. ಇದರಲ್ಲಿರೋದು ಒಂದೇ ಕ್ಲಚ್. ಗೇರ್ ಬದಲಾಗುವ ಹೊತ್ತಿಗೆ ಅದು ಬಿಡಲೇಬೇಕು, ಆ ಕ್ಷಣ ಚಕ್ರಕ್ಕೆ ಟಾರ್ಕ್ ಇಲ್ಲ. ಕೂತವರ ತಲೆ ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತೆ. ಚಿಕ್ಕ ಕಾರಿನಲ್ಲಿ ಸಹಿಸಬಹುದು. ಹಿಂದಿನ ಸೀಟಿನಲ್ಲಿ ದೊಡ್ಡ ಮನುಷ್ಯರು ಪೇಪರ್ ಓದುತ್ತಾ ಕೂರುವ ಕಾರಿನಲ್ಲಿ? ಬದಲಾಗುವ ಹೊತ್ತಿಗೆ ಆಕ್ಸಲರೇಟರಿನಿಂದ ಕಾಲು ಸ್ವಲ್ಪ ಎತ್ತಿದರೆ ಎಳೆತ ಕಮ್ಮಿಯಾಗುತ್ತೆ, ಓಡಿಸುವವರು ಬೇಗ ಕಲಿಯುವ ಉಪಾಯ ಇದು. ದುಡ್ಡು ಕೊಟ್ಟು ಕೊಂಡ ಆಟೋಮ್ಯಾಟಿಕ್ಕಿಗೆ ನಾವೇ ಪಾಠ ಹೇಳಿಕೊಡಬೇಕಾದ ಪರಿಸ್ಥಿತಿ!

ಈಗ ಸೊನ್ನೆಯಿಂದ ಹತ್ತಕ್ಕೆ ಬರೋಣ. ನಿಂತ ಕಾರು ಹೊರಡುವಾಗ ಎಂಜಿನ್ ತಿರುಗುತ್ತಿರುತ್ತೆ, ಚಕ್ರ ನಿಂತಿರುತ್ತೆ. ಎರಡರ ವೇಗ ಒಂದಾಗುವವರೆಗೆ ಕ್ಲಚ್ ಜಾರಲೇಬೇಕು. ಎಂಜಿನ್ ಒಂದೇ ವೇಗದಲ್ಲಿದೆ, ಕ್ಲಚ್ ಒಂದೇ ಸಮನೆ ಟಾರ್ಕ್ ಸಾಗಿಸುತ್ತಿದೆ ಅಂದ್ಕೊಳ್ಳಿ. ಆಗ ಎಂಜಿನ್ ಕೊಟ್ಟ ಶಕ್ತಿಯಲ್ಲಿ ಸರಿಯಾಗಿ ಅರ್ಧ ಕಾರಿನ ಚಲನಶಕ್ತಿ ಆಗುತ್ತೆ, ಇನ್ನರ್ಧ ಕ್ಲಚ್ಚಿನಲ್ಲಿ ಬಿಸಿಯಾಗುತ್ತೆ. ಸ್ಥಿರ ವೋಲ್ಟೇಜಿನಿಂದ ಕೆಪಾಸಿಟರ್ ಚಾರ್ಜ್ ಮಾಡುವಾಗ ಅರ್ಧ ಶಕ್ತಿ ರೆಸಿಸ್ಟರಿನಲ್ಲಿ ಹೋಗುತ್ತಲ್ಲ, ಅದೇ ಲೆಕ್ಕದ ತಮ್ಮ ಇದು. ಜನ ಸೇರಿ ಕಾರಿನ ತೂಕ 2,000 ಕಿಲೊ ಅಂತಿಟ್ಟು, ಗಂಟೆಗೆ 10 ಕಿ.ಮೀ. ವೇಗದಲ್ಲಿ ಕ್ಲಚ್ ಪೂರ್ತಿ ಹಿಡಿಯಿತು ಅಂದರೆ, ಒಂದು ಸಲ ಹೊರಡೋಕೆ ಕ್ಲಚ್ಚಿನಲ್ಲಿ ಸುಟ್ಟುಹೋಗೋದು ಸುಮಾರು 7.7 ಕಿಲೋಜೂಲ್. ಮಿಲಾನಿನ ಹೊರವರ್ತುಲ ರಸ್ತೆಯ ಬೆಳಗಿನ ಜಾಮ್‌ನಲ್ಲಿ ನೂರು ಸಲ ನಿಂತು ಹೊರಟರೆ 770 ಕಿಲೋಜೂಲ್. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಗೆ ತರುವಷ್ಟು ಬಿಸಿ ಅದು. ಕೈಯಗಲದ ಒಣ ತಟ್ಟೆಯ ಮೇಲೆ, ತಣಿಸೋಕೆ ಗಾಳಿ ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ.

ಇದೇ ಕಾರು ಆಟೋಸ್ಟ್ರಾಡಾ ಹೆದ್ದಾರಿಯಲ್ಲಿ 130ರಲ್ಲಿ ಹೋಗ್ತಿರುವಾಗ ಕ್ಲಚ್ಚಿನಲ್ಲಿ ಆಗುವ ಬಿಸಿ ಎಷ್ಟು? ಸೊನ್ನೆ. ಪೂರ್ತಿ ಕಚ್ಚಿಕೊಂಡಿರುತ್ತೆ, ಜಾರೋದೇ ಇಲ್ಲ. ಅಂದರೆ ವೇಗದಲ್ಲಿ ಈ ಯಂತ್ರಕ್ಕೆ ವಿಶ್ರಾಂತಿ, ನಡಿಗೆಯ ವೇಗದಲ್ಲಿ ಬೆವರು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಲರೇಟರಿನಲ್ಲೇ ಕಾರನ್ನು ಹಿಡಿದು ನಿಲ್ಲಿಸೋದಂತೂ ಅತಿ ಕೆಟ್ಟದ್ದು. ಕಾರು ಒಂದಿಂಚೂ ಸರಿಯಲ್ಲ, ಎಂಜಿನ್ ಕೊಟ್ಟದ್ದೆಲ್ಲ ಬಿಸಿಯೇ. ರಿವರ್ಸಿನಲ್ಲಿ ಇಕ್ಕಟ್ಟಿನ ಪಾರ್ಕಿಂಗಿಗೆ ಹಿಂದೆ ಮುಂದೆ ಮಾಡೋದು ಅದರ ಖಾಸಾ ತಮ್ಮ.

ಇದಕ್ಕೇ ಒಂದೇ ಮಾಡೆಲಿನ ಎರಡು ಕಾರಿನಲ್ಲಿ ಕ್ಲಚ್ಚಿನ ಆಯಸ್ಸು ಅಜಗಜಾಂತರ ಆಗೋದು. ಭಾಗ ಅದೇ, ಬಾಳಿದ ಬದುಕು ಬೇರೆ. ನಮ್ಮ ಮೆಷಿನ್ ಡಿಸೈನ್ ಪುಸ್ತಕದಲ್ಲಿ ಡ್ಯೂಟಿ ಸೈಕಲ್ ಅಂತ ಒಂದು ಪದ ಬರುತ್ತಲ್ಲ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಅಂತ ಓದಿ ಬಿಟ್ಟಿರ್ತೀವಿ. ಅದರ ನಿಜವಾದ ಬೆಲೆ ಗೊತ್ತಾಗೋದು ಹೀಗೆ. ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದಕ್ಕಿಂತ ಎಷ್ಟು ಸಲ ನಿಂತು ಹೊರಟಿದೆ ಅನ್ನೋದೇ ಈ ಭಾಗದ ವಯಸ್ಸು.

ಓಡಿಸುವವರ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಸಿಗ್ನಲ್ಲಿನಲ್ಲಿ ಎರಡೂ ಪ್ಯಾಡಲ್ ಒಟ್ಟಿಗೆ ಎಳೆದರೆ ನ್ಯೂಟ್ರಲ್. ಮುಂದಿನ ಕಾರು ಒಂದಡಿ ಸರಿದಾಗೆಲ್ಲ ತಾನೂ ಸರಿಯದೆ, ಸ್ವಲ್ಪ ಜಾಗ ಬಿಡಲು ಬಿಟ್ಟು ಒಂದೇ ಸಲ ಹೋಗೋದು. ಹೊರಡುವಾಗ ಅಳುಕದೆ ಹೊರಟುಬಿಡೋದು. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ ಬಿಡಿ.

2007ರಲ್ಲಿ ಮಸೆರಾಟಿಯವರೇ ಬೇರೆ ದಾರಿ ಹಿಡಿದರು. ಡೆಟ್ರಾಯಿಟ್ ಶೋನಲ್ಲಿ ಜರ್ಮನಿಯ ಜೆಡ್‌ಎಫ್ ಕಂಪನಿಯ ಆರು ಗೇರಿನ ಆಟೋಮ್ಯಾಟಿಕ್ ಇದ್ದ ಕ್ವಾಟ್ರೊಪೋರ್ಟೆ ತಂದರು. ಗೇರ್‌ಬಾಕ್ಸ್ ಹಿಂದಿನಿಂದ ಎಂಜಿನ್ನಿನ ಬೆನ್ನಿಗೆ ವಾಪಸು ಬಂತು, ತೂಕದ ಹಂಚಿಕೆ 49:51 ಆಯ್ತು, ನೂರು ಮುಟ್ಟೋಕೆ 5.6 ಸೆಕೆಂಡು. ಕಾಗದದ ಮೇಲೆ ಸೋಲು. ರಸ್ತೆಯಲ್ಲಿ? ಇದರಲ್ಲಿ ಒಣ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್. ಅಲ್ಲೂ ಜಾರುವಿಕೆ ಇದೆ, ಬಿಸಿ ಇದೆ, ಭೌತಶಾಸ್ತ್ರ ಯಾರನ್ನೂ ಬಿಡಲ್ಲ. ಆದರೆ ಅಲ್ಲಿ ಜಾರೋದು ಎಣ್ಣೆ. ಎಣ್ಣೆ ಸವೆಯಲ್ಲ, ಬಿಸಿಯಾದರೆ ಕೂಲರಿಗೆ ಹೋಗಿ ತಣ್ಣಗಾಗಿ ಬರುತ್ತೆ. ಜೊತೆಗೆ ಟಾರ್ಕನ್ನು 460ಕ್ಕೆ ಏರಿಸಿ 4,250 ಆರ್‌ಪಿಎಂಗೆ ಇಳಿಸಿದರು, ಊರೊಳಗೆ ಎಂಜಿನ್ನನ್ನು ಕಿರುಚಿಸಬೇಕಾದ ಅಗತ್ಯ ಕಮ್ಮಿಯಾಯ್ತು. ಡ್ರೈ ಸಂಪ್, ಅಂದರೆ ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಟ್ಟು ಪಂಪಿನಿಂದ ಎಳೆದು ತರುವ ರೇಸಿನ ಪದ್ಧತಿಯನ್ನೂ ಬಿಟ್ಟು ಮಾಮೂಲಿ ಸಂಪ್ ಹಾಕಿದರು. ದಿನಾ ಓಡಿಸೋಕೆ ಯಾವುದು ಅಂತ ಕೇಳಿದರೆ ನಮ್ಮ ಓಟು ಈ ನಿಧಾನದ ಕಾರಿಗೇ.

ಹಾಗಂತ ಇಟಲಿಯವರು ದಿನಬಳಕೆಯನ್ನು ಮರೆತೇಬಿಟ್ಟಿದ್ದರು ಅಂತ ಹೇಳೋದು ಅನ್ಯಾಯ. ಸಸ್ಪೆನ್ಷನ್ ನೋಡಿ. ಹೆಸರು ಸ್ಕೈಹುಕ್, ಆಕಾಶದ ಕೊಕ್ಕೆ. ಕಾರಿನ ಮೈಯನ್ನು ಆಕಾಶಕ್ಕೆ ಡ್ಯಾಂಪರ್ ಕಟ್ಟಿ ನೇತುಹಾಕಿದ್ದರೆ ರಸ್ತೆಯ ಗುಂಡಿ ಮೈಗೆ ತಾಗುತ್ತಲೇ ಇರಲಿಲ್ಲವಲ್ಲ? ಈ ಕಲ್ಪನೆಯ ಮೇಲೆ ಡೀನ್ ಕಾರ್ನಪ್ ಮತ್ತು ಜೊತೆಗಾರರು 1974ರಲ್ಲಿ ಪ್ರಬಂಧ ಬರೆದರು. ಆಕಾಶಕ್ಕೆ ಕಟ್ಟೋಕಾಗಲ್ಲ, ಸೆನ್ಸರ್ ಇಟ್ಟು ಡ್ಯಾಂಪರಿನ ಬಿಗಿಯನ್ನು ಕ್ಷಣಕ್ಷಣಕ್ಕೂ ಬದಲಿಸಿ ಹಾಗೆ ಕಟ್ಟಿದಂತೆ ನಟಿಸಬಹುದು. ರೋಮಿನ ಕಲ್ಲುಹಾಸಿನ ಬೀದಿಯಲ್ಲಿ ಎರಡು ಟನ್ನಿನ ಸ್ಪೋರ್ಟ್ಸ್ ಕಾರು ಹಲ್ಲು ಕಟಕಟ ಅನ್ನಿಸದೆ ಸಾಗೋದು ಈ ನಟನೆಯಿಂದ. ಒಂದೇ ಬೇಸರ, ನಟ ರಿಟೈರ್ ಆದಾಗ ಹೊಸ ಡ್ಯಾಂಪರಿನ ಬೆಲೆ ಮಾಮೂಲಿ ಡ್ಯಾಂಪರಿನ ಬೆಲೆ ಅಲ್ಲ.

ಬೆಲೆ ಅಂದಮೇಲೆ ನೆನಪಾಯ್ತು. ಇಂಥ ಕಾರು ಹಳೆಯದಾದಂತೆ ಮಾರುವ ಬೆಲೆ ಜರ್ರನೆ ಇಳಿಯುತ್ತೆ. ಬಿಡಿಭಾಗದ ಬೆಲೆ ಇಳಿಯಲ್ಲ. ಒಂದು ಸಾದಾ ಹೊಸ ಕಾರಿನ ದುಡ್ಡಿಗೆ ವಿ8 ಸಿಕ್ಕಿತು ಅಂತ ಖುಷಿಪಟ್ಟು ಉಳಿತಾಯವೆಲ್ಲ ಸುರಿದವರು ಸಿಕ್ಕಿಬೀಳೋದು ಇಲ್ಲೇ. 90 ಲೀಟರಿನ ಟ್ಯಾಂಕು, ಹಿಂದೆ 285 ಮಿ.ಮೀ. ಅಗಲದ ಟಯರು, ಎಲ್ಲವೂ ಹೊಸದಾಗಿದ್ದಾಗ ಏನು ಕೇಳುತ್ತಿದ್ದವೋ ಈಗಲೂ ಅದನ್ನೇ ಕೇಳುತ್ತವೆ. ಒಳಗಿನ ಬಟನ್‌ಗಳ ಮೇಲಿನ ಮೆತ್ತನೆ ಲೇಪ ಅಂಟಂಟಾಗುತ್ತೆ. ಹಳೇ ಮೌಸಿನ ರಬ್ಬರ್ ಮೈ ಬೆರಳಿಗೆ ಮೆತ್ತಿಕೊಳ್ಳುತ್ತಲ್ಲ, ಅದೇ ರೋಗ: ತೇವ, ಶಾಖ ಸೇರಿ ಪಾಲಿಯುರೆಥೇನ್ ಒಡೆಯೋದು.

ಹಳೆಯದನ್ನು ನೋಡೋಕೆ ಹೋಗುವವರು ಮಾಡಬೇಕಾದ್ದು ಸ್ವಲ್ಪವೇ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಕೇಳಬೇಕು. ಆರಂಭದ ಡ್ರೈ ಸಂಪ್ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟಿನ ಸಮಯ ಬದಲಿಸುವ ವೇರಿಯೇಟರ್ ಹೆಸರಾದ ದುರ್ಬಲ ಜಾಗ, ಕಟಕಟ ಸದ್ದು ಬಂದರೆ ಅಲ್ಲಿಂದ ಎದ್ದು ಬರೋದು ಒಳ್ಳೇದು. ಡುಯೊಸೆಲೆಕ್ಟ್ ಆದರೆ ಮೆಕ್ಯಾನಿಕ್ ಕೈಯಲ್ಲಿ ಕಂಪ್ಯೂಟರ್ ಜೋಡಿಸಿ ಕ್ಲಚ್ ಎಷ್ಟು ಶೇಕಡಾ ಸವೆದಿದೆ ಅಂತ ಓದಿಸಬಹುದು. ಓಡೋಮೀಟರಿಗಿಂತ ಆ ಅಂಕಿ ಹೆಚ್ಚು ಸತ್ಯ ಹೇಳುತ್ತೆ.

ಇಟಲಿಯಲ್ಲೇ ಇರುವವರಿಗೆ ಇನ್ನೊಂದು ಲೆಕ್ಕ ಉಂಟು. ಅಲ್ಲಿ 2012ರಿಂದ 185 ಕಿಲೋವ್ಯಾಟ್ ಮೀರಿದ ಪ್ರತಿ ಕಿಲೋವ್ಯಾಟಿಗೆ ವರ್ಷಕ್ಕೆ 20 ಯೂರೊ ಹೆಚ್ಚುವರಿ ತೆರಿಗೆ, ಜನ ಅದನ್ನು ಸೂಪರ್‌ಬೊಲ್ಲೊ ಅಂತಾರೆ. ಈ ಕಾರಿನ 400 ಕುದುರೆ ಅಂದರೆ ಸುಮಾರು 294 ಕಿಲೋವ್ಯಾಟ್. 109 ಹೆಚ್ಚಾಯ್ತು, ಗುಣಿಸಿದರೆ 2,180 ಯೂರೊ, ಮಾಮೂಲಿ ರಸ್ತೆ ತೆರಿಗೆಯ ಮೇಲೆ. ಕಾರಿಗೆ ಐದು ವರ್ಷ ಆದಮೇಲೆ ಅದರ ಶೇ. 60, ಹತ್ತಾದರೆ ಶೇ. 30, ಹದಿನೈದಾದರೆ ಶೇ. 15 ಕಟ್ಟಿದರೆ ಸಾಕು. 20 ವರ್ಷ ದಾಟಿದರೆ ಪೂರ್ತಿ ಮಾಫಿ. 2004ರಲ್ಲಿ ತಯಾರಾದ ಕಾರುಗಳು ಈಗ ಆ ಗೆರೆ ದಾಟಿವೆ. ಸರ್ಕಾರ ಕೇಳೋದು ನಿಲ್ಲಿಸಿದೆ, ಕ್ಲಚ್ಚು ಇನ್ನೂ ಕೇಳುತ್ತಲೇ ಇದೆ.