ವಿಮಾನಶಿಕ್ಷಣದಲ್ಲಿ ಕಣ್ಣು ಮತ್ತು ಕೈ: ಪಾಸ್‌ಥ್ರೂ ಅಳವಡಿಕೆಯ ವಿಚಾರ

ವಿಮಾನ ಚಾಲನೆಯನ್ನು ನೆಲದ ಮೇಲೆಯೇ ಕಲಿಸುವ ಪ್ರಯತ್ನ ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರ ಸುಮಾರಿಗೆ ರೂಪಿಸಿದ ಶಿಕ್ಷಣಯಂತ್ರದಲ್ಲಿ ವಿದ್ಯಾರ್ಥಿಯು ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತು, ಮಾಪಕಗಳನ್ನು ಮಾತ್ರ ನಂಬಿ ಹಾರಾಟವನ್ನು ಅಭ್ಯಸಿಸುತ್ತಿದ್ದನು. 1934ರಲ್ಲಿ ಆ ದೇಶದ ಸೇನಾ ವಿಮಾನದಳವು ಟಪಾಲು ಸಾಗಣೆಯ ಹೊಣೆಯನ್ನು ಹೊತ್ತು, ಕೆಟ್ಟ ಹವೆಯಲ್ಲಿ ಹಲವು ಚಾಲಕರನ್ನು ಕಳೆದುಕೊಂಡ ತರುವಾಯ, ಇಂತಹ ಆರು ಯಂತ್ರಗಳನ್ನು ಕೊಂಡಿತು. ಆ ಪೆಟ್ಟಿಗೆಯಲ್ಲಿ ಹೊರಲೋಕವು ಮರೆಯಾಗಿತ್ತು. ಕೈಗೆ ಸಿಕ್ಕುವ ಹಿಡಿಗಳು ಮಾತ್ರ ನಿಜವಾಗಿದ್ದುವು. ಇಂದಿನ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟಿನಲ್ಲಿ ಸ್ಥಿತಿಯು ತಲೆಕೆಳಗಾಗಿದೆ. ಆಕಾಶವೂ ರನ್‌ವೇಯೂ ಸ್ಪಷ್ಟವಾಗಿ ಕಾಣುತ್ತವೆ; ಆದರೆ ಚಾಲಕನಿಗೆ ತನ್ನ ಕೈಯೇ ಕಾಣುವುದಿಲ್ಲ. ಈ ಕೊರತೆಯನ್ನು ನೀಗುವ ಉಪಾಯವೇ ಪಾಸ್‌ಥ್ರೂ.

ಪಾಸ್‌ಥ್ರೂ ಎಂದರೇನು? ಹೆಡ್‌ಸೆಟ್ಟಿನ ಹೊರಮೈಯಲ್ಲಿರುವ ಕ್ಯಾಮರಾಗಳು ಎದುರಿನ ನಿಜವಸ್ತುಗಳ ಚಿತ್ರವನ್ನು ಹಿಡಿದು ಒಳಗಿನ ಪರದೆಗೆ ಒದಗಿಸುತ್ತವೆ. 2020ರಲ್ಲಿ ಬಂದ ಕ್ವೆಸ್ಟ್ 2ರಲ್ಲಿ ಈ ಚಿತ್ರಕ್ಕೆ ಬಣ್ಣವಿರಲಿಲ್ಲ; 2023ರ ಕ್ವೆಸ್ಟ್ 3ರಲ್ಲಿ ಬಣ್ಣ ಬಂದಿತು. ಕಾಕ್‌ಪಿಟ್ಟಿನ ಫಲಕ, ಹಿಡಿ, ಕೈಗಳು ಇವು ಕ್ಯಾಮರಾದಿಂದಲೂ, ಕಿಟಕಿಯಾಚೆಯ ಜಗತ್ತು ಗಣಕಯಂತ್ರದಿಂದಲೂ ಬರಬೇಕು. ಇವೆರಡರ ನಡುವೆ ಗಡಿಯನ್ನು ಹಾಕುವುದೇ ಅಳವಡಿಕೆಯ ಮುಖ್ಯ ಕಾರ್ಯವೆಂದು ನಾವು ಭಾವಿಸುತ್ತೇವೆ.

ಗಡಿ ಹಾಕಲು ಎರಡು ಮಾರ್ಗಗಳು ರೂಢಿಯಲ್ಲಿವೆ. ಮೊದಲನೆಯದು ಬಣ್ಣದ ಮಾರ್ಗ. ಕಾಕ್‌ಪಿಟ್ಟಿನ ಸುತ್ತ ಹಸಿರು ಬಟ್ಟೆಯನ್ನು ಕಟ್ಟಿ, ಕ್ಯಾಮರಾಕ್ಕೆ ಹಸಿರು ಕಂಡೆಡೆಯಲ್ಲೆಲ್ಲ ಕೃತಕ ದೃಶ್ಯವನ್ನು ತುಂಬುವುದು. ಇದಕ್ಕೆ ಸಮನಾದ ಬೆಳಕು ಅವಶ್ಯಕ. ಬಟ್ಟೆಯ ಮೇಲೆ ನೆರಳು ಬಿದ್ದರೆ ಆಕಾಶದಲ್ಲಿ ತೂತು ಬೀಳುತ್ತದೆ. ಎರಡನೆಯದು ರೇಖಾಗಣಿತದ ಮಾರ್ಗ. ಫಲಕದ ಅಂಚುಗಳನ್ನು ಅಳೆದು, ಅದೇ ಆಕಾರದ ಕಿಂಡಿಯನ್ನು ಕೃತಕ ದೃಶ್ಯದಲ್ಲಿ ಕತ್ತರಿಸುವುದು. ಇದರಲ್ಲಿ ದೂರದ ಅಳತೆಯೇ ಪ್ರಧಾನ. ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿದಾಗ ಕಿಂಡಿಯು ಫಲಕದ ಮೇಲೆ ಜಾರಿದಂತೆ ಕಂಡರೆ, ಅದನ್ನು ತಪ್ಪಾದ ದೂರದಲ್ಲಿ ಇರಿಸಿದೆವೆಂದೇ ತಿಳಿಯತಕ್ಕದ್ದು.

ಅಳವಡಿಕೆಯ ಕ್ರಮವನ್ನು ಹೀಗೆ ಹೇಳಬಹುದು. ಮೊದಲು ಆಸನವನ್ನು ಕದಲದಂತೆ ನಿಲ್ಲಿಸಬೇಕು. ಚಾಲಕನು ನೆಟ್ಟಗೆ ಕುಳಿತು ಮುಂದೆ ನೋಡುತ್ತಿರುವಾಗ ದೃಶ್ಯದ ಕೇಂದ್ರವನ್ನು ಗೊತ್ತುಪಡಿಸಬೇಕು. ಅನಂತರ ಗಡಿಯನ್ನು ಹಾಕಬೇಕು. ನಿಜವಾದ ಹಿಡಿಯಿರುವಲ್ಲಿ ಕೃತಕ ಹಿಡಿಯನ್ನು ಅಳಿಸಬೇಕು. ಇಲ್ಲವಾದರೆ ಒಂದೇ ಕೈಗೆ ಎರಡು ಹಿಡಿಗಳು ಕಾಣುವುವು. ಕೋಣೆಯಲ್ಲಿ ಬೆಳಕು ಕಡಿಮೆಯಾದರೆ ಚಿತ್ರವು ಮಸುಕಾಗುವುದಲ್ಲದೆ, ಸುತ್ತಲಿನ ವಸ್ತುಗಳನ್ನು ಗುರುತಿಸಿ ತಲೆಯ ಚಲನೆಯನ್ನು ಲೆಕ್ಕಹಾಕುವ ಕಾರ್ಯವೂ ಕೆಡುತ್ತದೆ.

ಇಷ್ಟಾದರೂ ಎರಡು ದೋಷಗಳು ಉಳಿಯುತ್ತವೆ. ಕ್ಯಾಮರಾಗಳು ಕಣ್ಣುಗಳ ಸ್ಥಾನದಲ್ಲಿರದೆ ಮುಂದಕ್ಕಿರುವುದರಿಂದ ಹತ್ತಿರದ ವಸ್ತುಗಳು ಸ್ವಲ್ಪ ಸ್ಥಳ ತಪ್ಪಿ ಕಾಣಬಹುದು; ಚಿತ್ರವು ಪರದೆಯನ್ನು ತಲುಪಲು ಅಲ್ಪಕಾಲ ಹಿಡಿಯುವುದರಿಂದ ಚುರುಕಾಗಿ ಚಲಿಸುವ ಕೈಯು ಹಿಂದುಳಿದಂತೆ ತೋರಬಹುದು. ತಂತ್ರಾಂಶವು ಇವನ್ನು ಬಹುಮಟ್ಟಿಗೆ ತಿದ್ದುತ್ತದೆ; ಸಂಪೂರ್ಣವಾಗಿ ಅಳಿಸಲಾರದು.

ಇದು ಕೇವಲ ಸೌಕರ್ಯದ ಪ್ರಶ್ನೆಯೇ? ಅಲ್ಲವೆಂಬುದು ನಮ್ಮ ಅಭಿಪ್ರಾಯ. ಅಭ್ಯಾಸವು ಕೈಯಲ್ಲಿ ನೆಲೆಸುವಂಥದು. ಎರಡು ಅಂಗುಲ ತಪ್ಪಿ ಕಾಣುವ ಗುಂಡಿಯನ್ನು ನೂರು ಸಲ ಒತ್ತಿ ಕಲಿತ ವಿದ್ಯಾರ್ಥಿಯು, ನಿಜವಾದ ವಿಮಾನದಲ್ಲಿ ಅವಸರ ಒದಗಿದಾಗ ಅದೇ ತಪ್ಪನ್ನು ಮಾಡಿಯಾನು. 2021ರಲ್ಲಿ ಯೂರೋಪಿನ ವಿಮಾನ ಸುರಕ್ಷಾ ಸಂಸ್ಥೆಯು ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ಶಿಕ್ಷಣಕ್ಕಾಗಿ ವರ್ಚುವಲ್ ರಿಯಾಲಿಟಿಯ ಸಾಧನವೊಂದಕ್ಕೆ ಮೊದಲ ಬಾರಿಗೆ ಮಾನ್ಯತೆಯನ್ನು ನೀಡಿತು. ಮನೆಯ ಮೇಜಿನ ಮೇಲೆ ಅಳವಡಿಸಿದ ಉಪಕರಣಕ್ಕೆ ಅಂತಹ ಪರೀಕ್ಷಕರು ಯಾರೂ ಇಲ್ಲ, ಅಳವಡಿಸಿದವನೇ ಪರೀಕ್ಷಕನಾಗಬೇಕು. ಆದುದರಿಂದ ಪ್ರತಿದಿನ ಅಭ್ಯಾಸಕ್ಕೆ ಮೊದಲು ಹೆಡ್‌ಸೆಟ್ಟನ್ನು ಧರಿಸಿ, ಕಂಡ ಗುಂಡಿಯತ್ತ ಬೆರಳನ್ನು ಮೆಲ್ಲನೆ ಚಾಚಿ ನೋಡಬೇಕು. ಕಣ್ಣು ಕಂಡಲ್ಲಿಯೇ ಬೆರಳು ಮುಟ್ಟಿದರೆ ಅಭ್ಯಾಸವನ್ನು ಆರಂಭಿಸಬಹುದು. ಮುಟ್ಟದಿದ್ದರೆ ಮೊದಲು ಅಳತೆಯನ್ನು ತಿದ್ದುವುದೇ ಆ ದಿನದ ಪಾಠ.